ರೈಟರ್ ಷಡಕ್ಷರಿಯ ಕಾರಿಗೆ ಚಳಿ ಹಿಡಿದದ್ದು

ಜಾವಳಿಯ ರೈಟರ್ ಷಡಕ್ಷರಿ ಸೆಕೆಂಡ್ ಹ್ಯಾಂಡ್ ಕಾರು ಕೊಂಡಾಗ "ಹಳೇದು, ಓಡ್ತದೆ" ಎಂದಷ್ಟೇ ಹೇಳಿದ್ದರೆ ಊರು ತಲೆಯಾಡಿಸಿ ಸುಮ್ಮನಾಗುತ್ತಿತ್ತು. ಆದರೆ ಎಸ್ಟೇಟಿನಲ್ಲಿ ಆಳುಗಳ ಹಾಜರಿಯನ್ನೂ ಪಾರ್ಚ್‌ಮೆಂಟ್ ಕಾಫಿ ಚೀಲಗಳ ಲೆಕ್ಕವನ್ನೂ ಬರೆದು ಬರೆದು ಪಳಗಿದ ಮನುಷ್ಯ ಯಾವುದನ್ನೂ ಒಂದು ಸಾಲಿನಲ್ಲಿ ಮುಗಿಸುವವನಲ್ಲ. ಕಾರನ್ನು ಮನೆಯ ಮುಂದೆ ನಿಲ್ಲಿಸಿಕೊಂಡು, ಬಂದವರಿಗೆಲ್ಲ ಅದರ ಗುಣಗಾನ ಮಾಡತೊಡಗಿದ.

ಪಕ್ಕದ ಮನೆಯ ಗುರುವಯ್ಯ, ಹಾಲಿನ ಡೈರಿಯ ಸೆಕ್ರೆಟರಿಯಾಗಿ ನಿವೃತ್ತರಾದವರು, ಬೇಲಿಯಾಚೆಯಿಂದಲೇ ತಮ್ಮ ಅಭಿಪ್ರಾಯ ಕೊಟ್ಟರು.

"ಹಳೇ ಕಾರು ಅಂದ್ರೆ ಹಳೇ ಎಮ್ಮೆ ಇದ್ದಂಗೆ ರೈಟ್ರೇ. ಮಾರಿದೋನು ನಗ್ತಾನೆ, ತಗಂಡೋನು ಮೇವು ಹಾಕ್ತಾನೆ."

ಷಡಕ್ಷರಿಗೆ ಕೆಂಡದಂಥ ಸಿಟ್ಟು ಬಂತು. "ಬನ್ನಿ ಇಲ್ಲಿ ಗುರುವಯ್ಯನವ್ರೇ. ಬಾನೆಟ್ಟಿಗೆ ಕಿವಿ ಇಟ್ಟು ಕೇಳಿ. ಇಂಜಿನ್ ಆನ್ ಇದ್ಯೋ ಆಫ್ ಇದ್ಯೋ ಹೇಳಿ ನೋಡಾಣ."

ಗುರುವಯ್ಯ ಬಂದು ಕಿವಿಯಿಟ್ಟರು. ಕಣ್ಣು ಮುಚ್ಚಿ ಕೇಳಿದರು. "ಎಂತದೂ ಗೊತ್ತಾಗಲ್ಲ ಮಾರಾಯ್ರೇ" ಎಂದು ಒಪ್ಪಿಕೊಂಡರು. ವಾಸ್ತವದಲ್ಲಿ ಆಗ ಇಂಜಿನ್ ಆಫ್ ಆಗಿತ್ತು. ಆ ಸಂಗತಿ ಷಡಕ್ಷರಿಗೆ ಬಿಟ್ಟರೆ ಇನ್ನಾರಿಗೂ ತಿಳಿಯಲಿಲ್ಲ. "ರೈಟರ ಕಾರು ಒಂದು ಚೂರೂ ಶಬ್ದ ಮಾಡಲ್ಲವಂತೆ" ಎಂಬ ಸುದ್ದಿ ಕೊಟ್ಟಿಗೆಹಾರದವರೆಗೂ ಹೋಯಿತು.

ಕೀರ್ತಿ ಹೀಗೆ ಹಬ್ಬಿದ ಮೇಲೆ ಜನವರಿಯ ಚಳಿ ಬಿತ್ತು. ಕಾಫಿ ಹಣ್ಣು ಕೊಯ್ಯುವ ಹೆಂಗಸರು ಕಂಬಳಿ ಹೊದ್ದು ತೋಟಕ್ಕೆ ಹೋಗುವ ಚಳಿ. ಮನೆಯ ಹಿಂದಿನ ಹಳೇ ಕೊಟ್ಟಿಗೆಯಲ್ಲಿ ನಿಲ್ಲಿಸಿದ್ದ ಕಾರಿಗೆ ಷಡಕ್ಷರಿ ಒಂದು ದಿನ ನಸುಕಿನಲ್ಲಿ ಕೀ ಕೊಟ್ಟು ತಿರುಗಿಸಿದನೋ ಇಲ್ಲವೋ, ಕಾರು "ಕೀಂಯ್ಯ್ಯ್ಯ್!" ಎಂದು ಕಿರುಚಿತು. ಅವನು ಬೆಚ್ಚಿ ಸ್ಟೇರಿಂಗ್ ತಿರುಗಿಸಿದ. ಕಾರು "ಗುಂಯ್ಯ್ಯ್..." ಎಂದು ಹೊಟ್ಟೆಯೊಳಗಿಂದ ನರಳಿತು. ಸ್ವಲ್ಪ ಹೊತ್ತು ಕಿರುಚಿ, ಸ್ವಲ್ಪ ಹೊತ್ತು ನರಳಿ, ಬಿಸಿಯಾದ ಮೇಲೆ ಸುಮ್ಮನಾಯಿತು. ಇಳಿದು ನೋಡಿದರೆ ಮುಂದಿನ ಚಕ್ರದ ಪಕ್ಕದಲ್ಲಿ ನೆಲದ ಮೇಲೆ ಕಡುಕೆಂಪು ದ್ರವ ತೊಟ್ಟಿಕ್ಕುತ್ತಿತ್ತು.

ಅದು ಪವರ್ ಸ್ಟೇರಿಂಗಿನ ಎಣ್ಣೆ. ಮೊಬೈಲಿನಲ್ಲಿ ವಿಡಿಯೋ ನೋಡಿ ಷಡಕ್ಷರಿ ಅಷ್ಟನ್ನು ಪತ್ತೆ ಹಚ್ಚಿದ. ಎಣ್ಣೆ ಕಮ್ಮಿಯಾದರೆ ಪಂಪು ನರಳುತ್ತದೆ, ಬೆಲ್ಟು ಸವೆದಿದ್ದರೆ ಚಳಿಯಲ್ಲಿ ಕಿರುಚುತ್ತದೆ.

"ಉಮೇಶನ ಗ್ಯಾರೇಜಿಗೆ ತಗಂಡು ಹೋಗಿ ಅಂದ್ರೆ" ಎಂದಳು ಹೆಂಡತಿ ಕುಸುಮಾ.

"ಉಮೇಶ ಯಾರು?"

"ಗುರುವಯ್ಯನವರ ತಂಗಿ ಮಗ."

"ಅಷ್ಟೇ ಸಾಕು, ಇನ್ನು ಮಾತಾಡಬೇಡ" ಎಂದ ಷಡಕ್ಷರಿ. ಉಮೇಶನಿಗೆ ಗೊತ್ತಾದರೆ ಗುರುವಯ್ಯನಿಗೆ ಗೊತ್ತಾಗುತ್ತದೆ; ಗುರುವಯ್ಯನಿಗೆ ಗೊತ್ತಾದರೆ ಊರಿಗೆ ಬೇರೆ ಡಂಗುರ ಬೇಡ. "ಇದನ್ನ ನಾನೇ ರಿಪೇರಿ ಮಾಡ್ತೀನಿ. ಕಾರು ಮನುಷ್ಯ ಮಾಡಿದ್ದು. ನಾನೂ ಮನುಷ್ಯನೇ."

ಈ ವಾದ ಕೇಳಿ ಕುಸುಮಾ ಒಲೆಯ ಮುಂದಕ್ಕೆ ವಾಪಸು ಹೋದಳು.

ಅವನ ಹಟಕ್ಕೆ ಇನ್ನೊಂದು ಕಾರಣವೂ ಇತ್ತು. ಕುಸುಮಾಳ ತಾಯಿ ತಿಮ್ಮಮ್ಮನವರಿಗೆ ಕಣ್ಣಿನ ಪೊರೆ ಬಲಿತು, ಎದುರಿಗೆ ನಿಂತವರು ಅಳಿಯಂದಿರೋ ಬಾಗಿಲೋ ಎಂಬುದೂ ತಿಳಿಯದಷ್ಟಾಗಿತ್ತು. ಚಿಕ್ಕಮಗಳೂರಿನ ಕಣ್ಣಾಸ್ಪತ್ರೆಯಲ್ಲಿ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಬೆಳಿಗ್ಗೆ ಎಂಟಕ್ಕೆಲ್ಲ ಅಲ್ಲಿರಬೇಕು. "ನನ್ನ ಕಾರಲ್ಲಿ ಕರ್ಕಂಡು ಹೋಗ್ತೀನಿ" ಎಂದು ಷಡಕ್ಷರಿ ಬೀಗರೆದುರು ಮಾತು ಕೊಟ್ಟುಬಿಟ್ಟಿದ್ದ. ಆದರೆ ತಿಮ್ಮಮ್ಮನವರು ಸುಲಭಕ್ಕೆ ಒಪ್ಪುವ ಜೀವವಲ್ಲ. ಹಿಂದೊಮ್ಮೆ ಹೊರನಾಡಿನ ಏರಿನಲ್ಲಿ ಬಾಡಿಗೆ ಜೀಪೊಂದು ಕಿರುಚಿಕೊಂಡು ಹಿಂದಕ್ಕೆ ಜಾರಿತ್ತು. ಅಂದಿನಿಂದ ಶಬ್ದ ಮಾಡುವ ಗಾಡಿಯನ್ನು ಅವರು ಹತ್ತುತ್ತಿರಲಿಲ್ಲ. ಕಣ್ಣು ಮಬ್ಬಾದ ಮೇಲಂತೂ ಕಿವಿ ಮೊಲದ ಕಿವಿಯಷ್ಟು ಚುರುಕಾಗಿತ್ತು.

"ಶಬ್ದ ಇಲ್ಲ ತಾನೆ ಅಳಿಯಂದ್ರೇ?" ಎಂದು ಕಳಸದಿಂದ ಫೋನಿನಲ್ಲಿ ಕೇಳಿದ್ದರು.

"ಸೂಜಿ ಬಿದ್ರೂ ಕೇಳ್ತದೆ ಅತ್ತೆ" ಎಂದಿದ್ದ ಷಡಕ್ಷರಿ.

ತಿಮ್ಮಮ್ಮನವರು ಕೆಲವು ದಿನ ಮೊದಲೇ ಜಾವಳಿಗೆ ಬಂದಿಳಿದರು. ಮರುದಿನ ನಸುಕಿನಲ್ಲಿ ಷಡಕ್ಷರಿ ಕಳ್ಳಹೆಜ್ಜೆಯಲ್ಲಿ ಕೊಟ್ಟಿಗೆಗೆ ಹೋಗಿ, ಎಣ್ಣೆ ತುಂಬಿಸಿ, ದೇವರಿಗೆ ಕೈಮುಗಿದು ಕೀ ತಿರುಗಿಸಿದ. ದೇವರು ಬೇರೆ ಕೆಲಸದಲ್ಲಿದ್ದನೆಂದು ಕಾಣುತ್ತದೆ. ಕಾರು ಹಿಂದೆಂದಿಗಿಂತ ಜೋರಾಗಿ ಕಿರುಚಿತು. ಒಳಗೆ ಬಂದರೆ ಅತ್ತೆ ಹಾಸಿಗೆಯಲ್ಲಿ ಎದ್ದು ಕೂತಿದ್ದರು.

"ಎಂತದು ಅದು ಅಳಿಯಂದ್ರೇ? ಪ್ರಾಣ ಹೋಗೋ ಹಂಗೆ ಕೂಗ್ತಲ್ಲ?"

ಷಡಕ್ಷರಿಯ ಬಾಯಿಗೆ ಮೊದಲು ಬಂದದ್ದು ಆಚೆ ಬಂತು. "ಕಾಡುಹಂದಿ ಅತ್ತೆ. ಈ ವರ್ಷ ಹಂದಿ ಕಾಟ ಜಾಸ್ತಿ. ನಾನು ನೋಡ್ಕಂತೀನಿ, ನೀವು ಮಲಗಿ."

ಒಂದು ಸುಳ್ಳು ಹೇಳಿದವನು ಅದನ್ನು ಕಟ್ಟಿಹಾಕಬೇಕು. ಷಡಕ್ಷರಿ ತನ್ನ ಸುಳ್ಳನ್ನು ಬಿಟ್ಟು ಕಾರಿನ ಹಿಂದೆ ಬಿದ್ದ.

ಅಂದಿನಿಂದ ಅವನ ಶುಶ್ರೂಷೆ ಶುರುವಾಯಿತು. ಒಂದು ವಿಡಿಯೋ ಇಂಜಿನ್ನನ್ನು ಬೆಚ್ಚಗಿಡಬೇಕು ಎಂದಿತು. ಷಡಕ್ಷರಿ ಕಾರಿಗೆ ಗೋಣಿಚೀಲಗಳನ್ನು ಹೊದಿಸಿದ. ಇನ್ನೊಂದು ಬಿಸಿನೀರಿನ ಬಟ್ಟೆ ಸುತ್ತಬೇಕು ಎಂದಿತು. ಹಂಡೆಯಿಂದ ಕುದಿಯುವ ನೀರನ್ನು ಕೊಡಗಳಲ್ಲಿ ಹೊತ್ತ. ಹಿಂದೆ ಲಾರಿಯವರು ಇಂಜಿನ್ ಕೆಳಗೆ ಬೆಂಕಿ ಇಡುತ್ತಿದ್ದರು ಎಂದು ಯಾರೋ ಹೇಳಿದ್ದು ನೆನಪಾಗಿ, ಒಂದು ಬಾಣಲೆಯಲ್ಲಿ ಕೆಂಡ ತುಂಬಿ ಕಾರಿನಡಿ ಇಟ್ಟ. ಸೋರುವ ಎಣ್ಣೆಗೂ ಆ ಕೆಂಡಕ್ಕೂ ಒಂದು ಗೇಣಿನ ಅಂತರವಿತ್ತು. ಕೊಟ್ಟಿಗೆ ಸುಟ್ಟುಹೋಗಲಿಲ್ಲವೆಂದರೆ ಅದು ಕುಸುಮಾಳ ಮಾಂಗಲ್ಯಬಲವೇ ಹೊರತು ಬೇರೇನಲ್ಲ. ಇಷ್ಟು ಮಾಡಿಯೂ ಕಾರು ದಿನಾ ನಸುಕಿನಲ್ಲಿ ಕಿರುಚಿತು, ನರಳಿತು, ಸುಮ್ಮನಾಯಿತು. ಷಡಕ್ಷರಿ ಕೆಂಪಾದ ಕೈಗಳನ್ನು ಗೋಣಿಗೆ ಒರೆಸಿಕೊಂಡು, ಹಲ್ಲು ಕಚ್ಚಿ, "ನಾಳೆ ನೋಡ್ಕಂತೀನಿ ನಿನ್ನ" ಎಂದು ಹೊರಬರುತ್ತಿದ್ದ.

ಇದನ್ನೆಲ್ಲ ಬೇಲಿಯಾಚೆಯಿಂದ ಗುರುವಯ್ಯನ ಹೆಂಡತಿ ಅಣ್ಣಮ್ಮ ನೋಡುತ್ತಿದ್ದರು. ಕೊಟ್ಟಿಗೆಯೊಳಗಿನ ಕಾರು ಅವರಿಗೆ ಕಾಣುತ್ತಿರಲಿಲ್ಲ. ಶಬ್ದವಿಲ್ಲದ ಕಾರೆಂದು ಊರಿಗೇ ಗೊತ್ತಿದ್ದರಿಂದ ಅದರ ಮೇಲೆ ಅನುಮಾನ ಬರುವ ಪ್ರಶ್ನೆಯೂ ಇರಲಿಲ್ಲ. ಕಂಡದ್ದು ಇಷ್ಟು: ಮೊದಲು ಕುದಿಯುವ ನೀರು ಹೋಗುತ್ತದೆ. ಆಮೇಲೆ ಕೆಂಡ ಹೋಗುತ್ತದೆ. ಆಮೇಲೆ ಕಿರುಚಾಟ, ನರಳಾಟ, ಮೌನ. ಆಮೇಲೆ ರೈಟರು ಕೆಂಪು ಕೈಯಲ್ಲಿ ಹೊರಗೆ ಬರುತ್ತಾರೆ.

ಹಿತ್ತಲಿಗೆ ಬಿಸಿಲು ಕಾಯಲು ಬಂದ ತಿಮ್ಮಮ್ಮನವರನ್ನು ಅಣ್ಣಮ್ಮ ಮಾತಿಗೆಳೆದರು. "ಬೆಳಿಗ್ಗೆ ಎಂತದೋ ಕೂಗಿದಂಗಾಯ್ತಲ್ಲ ಅಮ್ಮ?"

"ಹಂದಿಯಂತೆ ತಾಯಿ. ಪಾಪ, ನಮ್ಮ ಅಳಿಯಂದ್ರು ಒಬ್ಬರೇ ನೋಡ್ಕಂತಿದಾರೆ."

ಅಣ್ಣಮ್ಮನಿಗೆ ಇನ್ನೇನೂ ಬೇಕಿರಲಿಲ್ಲ. ಒಳಗೆ ಓಡಿ ಗಂಡನಿಗೆ ಹೇಳಿದರು: "ರೈಟ್ರು ದಿನಾ ಹಂದಿ ಹೊಡೀತಿದಾರೆ ಕಣ್ರೀ! ಬಿಸಿನೀರು ಹುಯ್ದು, ಕೂದ್ಲು ಸುಟ್ಟು, ಎಲ್ಲ ಕ್ರಮವಾಗಿ!"

"ಥೂ! ಅವ್ರು ಲಿಂಗ ಕಟ್ಟೋರು. ಮೊಟ್ಟೆ ಕಂಡ್ರೂ ಮುಖ ಆಚೆ ತಿರುಗಿಸ್ತಾರೆ."

"ಅದಕ್ಕೇ ಕದ್ದು ಮಾಡ್ತಿರೋದು!"

ಈ ತರ್ಕದ ಮುಂದೆ ಗುರುವಯ್ಯ ತಲೆಬಾಗಿದರು. ಸಂಜೆ ಎಸ್ಟೇಟಿನಿಂದ ಮರಳುತ್ತಿದ್ದ ಷಡಕ್ಷರಿಯನ್ನು ಬೇಲಿಯ ದಣಪೆಯ ಬಳಿ ಅಡ್ಡಗಟ್ಟಿ, ಅತ್ತಿತ್ತ ನೋಡಿ, ದನಿ ತಗ್ಗಿಸಿದರು.

"ನಂಗೆಲ್ಲ ಗೊತ್ತಾಯ್ತು ರೈಟ್ರೇ."

ಷಡಕ್ಷರಿ ಒಮ್ಮೆ ಕೊಟ್ಟಿಗೆಯ ಕಡೆ ನೋಡಿದ. "ಎಂತದು ಗೊತ್ತಾಯ್ತು?"

"ಕೊಟ್ಟಿಗೇಲಿ ದಿನಾ ಕಿರುಚೋದು. ಕೆಂಪಗೆ ಸುರಿಯೋದು."

"ಗುರುವಯ್ಯನವ್ರೇ, ನಿಮ್ಮ ದಮ್ಮಯ್ಯ, ಯಾರಿಗೂ ಹೇಳಬೇಡಿ. ಅತ್ತೆಗೆ ಗೊತ್ತಾದ್ರೆ ಮುಗೀತು. ನನ್ನ ಮಾನ ಹೋಗ್ತದೆ."

"ಛೇ, ಛೇ, ನಾನು ಹೇಳ್ತೀನಾ? ಆದ್ರೂ ನೀವು ಒಬ್ಬರೇ ಯಾಕೆ ಕಷ್ಟ ಪಡ್ತೀರಿ? ಒಬ್ಬರು ಹಿಡ್ಕಂಡ್ರೆ ಒಬ್ಬರು ಬಿಚ್ಚಬಹುದು."

"ಬಿಚ್ಚಿ ನೋಡಾಯ್ತು. ಎಲ್ಲಿಂದ ಸೋರ್ತಿದೆ ಅಂತಾನೇ ಗೊತ್ತಾಗ್ತಿಲ್ಲ."

"ಕುತ್ತಿಗೆ ಹತ್ರ ನೋಡಿದ್ರಾ?" ಎಂದರು ಗುರುವಯ್ಯ ಅನುಭವಸ್ಥರಂತೆ.

"ಕುತ್ತಿಗೆ ಹತ್ರಾನೂ ನೋಡ್ದೆ" ಎಂದ ಷಡಕ್ಷರಿ. ಪೈಪಿನ ಕುತ್ತಿಗೆ ಅವನ ಮನಸ್ಸಿನಲ್ಲಿತ್ತು.

ಗುರುವಯ್ಯ ಗಂಟಲು ಸರಿಮಾಡಿಕೊಂಡರು. "ಇರ್ಲಿ. ನಮ್ಮ ಮನೆಗೂ ಒಂದು ಚೂರು ಕಳಿಸಿದ್ರೆ... ಬಾಯಿ ಮುಚ್ಕಂಡಿರ್ತೀವಿ."

ಗುರುವಯ್ಯನ ಹಳೇ ಸ್ಕೂಟರಿಗೆ ಎಣ್ಣೆ ಬೇಕಾಗಿರಬೇಕೆಂದು ಷಡಕ್ಷರಿ ಊಹಿಸಿದ. ಅವನಿಗೆ ಎಷ್ಟೋ ಸಮಾಧಾನವಾಯಿತು. "ಅಷ್ಟೇ ತಾನೆ! ಕೆಂಪಂದು ಬೇಕಾದಷ್ಟಿದೆ. ಒಂದು ಬಾಟ್ಲಿ ತುಂಬಿಸಿ ಕೊಡ್ತೀನಿ."

ಗುರುವಯ್ಯ ಹಿಂದೆ ಸರಿದರು. "ಬಾಟ್ಲೀಲಾ? ಅಯ್ಯೋ ಬೇಡ ಮಾರಾಯ್ರೇ, ಅದನ್ನ ನಾವು ಮುಟ್ಟಲ್ಲ. ಗಟ್ಟಿ ಇದ್ರೆ ಕೊಡಿ."

"ಗಟ್ಟಿ ಆಗಿದ್ರೆ ಕೆಟ್ಟೋಗಿದೆ ಅಂತ ಅರ್ಥ. ತೆಳ್ಳಗಿರಬೇಕು" ಎಂದು ವಿಡಿಯೋದಲ್ಲಿ ಕಲಿತದ್ದನ್ನು ಷಡಕ್ಷರಿ ತಿಳಿಸಿಕೊಟ್ಟು ಮನೆಯೊಳಗೆ ಹೋದ. ಗುರುವಯ್ಯ ಅಲ್ಲೇ ನಿಂತು, ಲಿಂಗ ಕಟ್ಟುವವರು ಒಮ್ಮೆ ದಾರಿ ಬಿಟ್ಟರೆ ಎಲ್ಲಿಗೆ ಹೋಗಿ ಮುಟ್ಟುತ್ತಾರೆಂದು ಯೋಚಿಸಿ ನಡುಗಿದರು.

ಗುರುವಯ್ಯ ಮಾತು ಉಳಿಸಿಕೊಂಡು ಯಾರಿಗೂ ಹೇಳಲಿಲ್ಲ. ಅಣ್ಣಮ್ಮ ಯಾವ ಮಾತನ್ನೂ ಕೊಟ್ಟಿರಲಿಲ್ಲ. ಆಪರೇಷನ್ನಿನ ಹಿಂದಿನ ದಿನದ ಹೊತ್ತಿಗೆ ಸುದ್ದಿ ಜಾವಳಿಯ ಅಂಗಡಿಗಳನ್ನೆಲ್ಲ ಸುತ್ತಿ ಅರಣ್ಯ ಇಲಾಖೆಯ ಬಾಗಿಲು ತಟ್ಟಿತು. ಮಧ್ಯಾಹ್ನ ಷಡಕ್ಷರಿ ಊಟಕ್ಕೆ ಕೂರುವಾಗ ಅಂಗಳಕ್ಕೆ ಫಾರೆಸ್ಟ್ ಗಾರ್ಡ್ ರುದ್ರಪ್ಪ ಬಂದರು. ಭಾರೀ ಮೀಸೆ, ಭಾರೀ ನೆಗಡಿ. ಹಿಂದೆ ಅರ್ಧ ಊರು.

"ಷಡಕ್ಷರಿ ಅಂದ್ರೆ ನೀವಾ? ಕೊಟ್ಟಿಗೆ ತೋರ್ಸಿ."

ಕೊಟ್ಟಿಗೆಯಲ್ಲಿ ರುದ್ರಪ್ಪ ಕಂಡದ್ದು: ಕೆಂಪು ಕಲೆಯ ಗೋಣಿಗಳು, ಬೂದಿ ತುಂಬಿದ ಬಾಣಲೆ, ನೀರಿನ ಕೊಡಗಳು, ನೆಲದ ಮೇಲೆ ಸಾಲುಗಟ್ಟಿದ ಕೆಂಪು ತೊಟ್ಟುಗಳು. ಅವರು ಒಂದು ಸೀನು ಸೀನಿ, ಕರ್ಚೀಫು ಮಡಚಿ, ಗಂಭೀರವಾಗಿ ಹೇಳಿದರು:

"ಕಾಡುಹಂದಿ ಹೊಡೆಯೋದು ಅಪರಾಧ ಅಂತ ಗೊತ್ತಿಲ್ವಾ ನಿಮಗೆ? ಓದಿದೋರು, ರೈಟರು!"

"ಹಂದಿ! ನಾನು!" ಷಡಕ್ಷರಿಯ ದನಿ ಅವನ ಕಾರಿನಷ್ಟೇ ತಾರಕಕ್ಕೇರಿತು. "ಇದು ಎಣ್ಣೆ ಸಾರ್! ಮೂಸಿ ನೋಡಿ!"

"ನಂಗೆ ನೆಗಡಿ" ಎಂದರು ರುದ್ರಪ್ಪ. "ಎಲ್ಲಾ ಒಂದೇ ವಾಸನೆ. ದಿನಾ ಬೆಳಿಗ್ಗೆ ಕಿರುಚೋದು ಎಂತದು ಹಾಗಾದ್ರೆ?"

ಆಗ ಹಿತ್ತಲ ಬಾಗಿಲಲ್ಲಿ ತಿಮ್ಮಮ್ಮನವರು ಗೋಡೆ ಹಿಡಿದು ನಿಂತಿದ್ದರು. ಮೊಲದ ಕಿವಿ ಎಲ್ಲವನ್ನೂ ಕೇಳಿತ್ತು.

"ಕುಸುಮಾ, ನನ್ನ ಚೀಲ ತಗಂಡು ಬಾ" ಎಂದರು. "ಹಂದಿ ಕೊಯ್ಯೋ ಮನೇಲಿ ನಾನು ನೀರೂ ಮುಟ್ಟಲ್ಲ. ಕಣ್ಣು ಹೋದ್ರೆ ಹೋಗ್ಲಿ. ಇಂಥಾದ್ದನ್ನ ನೋಡೋಕೆ ಕಣ್ಣು ಯಾಕೆ ಬೇಕು?"

ಕುಸುಮಾ ಸೆರಗು ಬಾಯಿಗಿಟ್ಟುಕೊಂಡು ಗಂಡನನ್ನು ನೋಡಿದಳು. ಈ ಸಲ ತಪ್ಪಿದರೆ ಆಸ್ಪತ್ರೆಯಲ್ಲಿ ಮತ್ತೆ ದಿನ ಸಿಗುವುದು ಮಳೆಗಾಲಕ್ಕೆ. ಅಷ್ಟರಲ್ಲಿ ಉಳಿದ ಬೆಳಕೂ ಹೋಗುತ್ತದೆಂದು ಡಾಕ್ಟರು ಹೇಳಿದ್ದರು. ಷಡಕ್ಷರಿ ಒಮ್ಮೆ ಗುರುವಯ್ಯನ ಮುಖ ನೋಡಿದ, ಒಮ್ಮೆ ಅತ್ತೆಯ ಮುಖ ನೋಡಿದ. ಮಾನವನ್ನು ನುಂಗಿಕೊಂಡ.

"ಕಿರುಚೋದು ನನ್ನ ಕಾರು!" ಎಂದು ಕೂಗಿದ. "ಎಲ್ಲರೂ ಕೇಳಿ. ಚಳಿಗೆ ಕಿರುಚ್ತದೆ. ಎಣ್ಣೆ ಕಾರ್ತದೆ. ಹಂದಿ ಅಂತ ನಾನೇ ಅತ್ತೆಗೆ ಸುಳ್ಳು ಹೇಳ್ದೆ. ಬೇಕಾದ್ರೆ ಈಗ್ಲೇ ತೋರಿಸ್ತೀನಿ."

ಹಾರಿ ಕಾರಿನೊಳಗೆ ಕೂತು ಕೀ ತಿರುಗಿಸಿದ. ಹೊರಗೆ ನಡುಮಧ್ಯಾಹ್ನದ ಸುಡುಬಿಸಿಲು. ಬೆಳಿಗ್ಗೆಯಷ್ಟೇ ಎಣ್ಣೆ ತುಂಬಿಸಿದ್ದ. ಕಾರು ಬೆಕ್ಕಿನ ಮರಿಯ ಹಾಗೆ ಗುರುಗುಟ್ಟಿತು. ಅಷ್ಟೇ.

ಜನರ ಮಧ್ಯದಿಂದ ಎಸ್ಟೇಟಿನ ಮೇಸ್ತ್ರಿ ಚೌಡಯ್ಯ ಮೆಲ್ಲಗೆ, "ಶಬ್ದಾನೇ ಇಲ್ಲ ಅಂತ ರೈಟ್ರು ಮೊದಲೇ ಹೇಳಿದ್ರಲ್ಲ" ಎಂದ.

"ನಾಳೆ ಬೆಳಿಗ್ಗೆ ಬನ್ನಿ ಸಾರ್!" ಎಂದು ಷಡಕ್ಷರಿ ರುದ್ರಪ್ಪನವರ ಕೈ ಹಿಡಿದುಕೊಂಡ. "ಚಳೀಲಿ ಬನ್ನಿ. ಅದು ಕಿರುಚದೇ ಇದ್ರೆ ನನ್ನ ಎಳ್ಕಂಡು ಹೋಗಿ."

ರುದ್ರಪ್ಪ ಯೋಚಿಸಿ ಒಪ್ಪಿದರು. ತಿಮ್ಮಮ್ಮನವರು ಜಗಲಿಯ ಮೇಲೆ ಚೀಲ ಇಟ್ಟುಕೊಂಡು, ತಾವೇ ತಂದಿದ್ದ ಅವಲಕ್ಕಿ ತಿಂದು, ಅಲ್ಲೇ ಕೂತರು. ಮನೆಯೊಳಗೆ ಕಾಲಿಡಲಿಲ್ಲ.

ಅಲ್ಲಿಯವರೆಗೆ ಕಾರಿಗೆ ಚಳಿ ತಾಗದಂತೆ ಕಾಪಾಡಿದ್ದ ಮನುಷ್ಯ ಅಂದು ಸಂಜೆ ಅದಕ್ಕೆ ಚಳಿ ಹಿಡಿಸಲು ಹೊರಟ. ಗೋಣಿಗಳನ್ನು ಕಿತ್ತೆಸೆದ. ಕಾರನ್ನು ಕೊಟ್ಟಿಗೆಯಿಂದ ಹೊರಗೆ ತಂದು, ಇಬ್ಬನಿ ಸುರಿಯುವ ಬಯಲಂಗಳದಲ್ಲಿ ನಿಲ್ಲಿಸಿದ. ಬಾನೆಟ್ಟನ್ನೂ ತೆರೆದಿಟ್ಟ. ಸಾಲದೆಂದು ಬಾವಿಯ ನೀರು ತಂದು ಬೆಲ್ಟಿನ ಮೇಲೆ ಚಿಮುಕಿಸಿದ. "ನಾಳೆ ಒಂದು ಸಲ ಬಾಯಿ ಬಿಡು ಮಾರಾಯ" ಎಂದು ಅದರ ಹೆಡ್‌ಲೈಟು ಸವರಿದ.

ಬೆಳಗಾಗುವ ಮೊದಲೇ ಅಂಗಳ ತುಂಬಿತು. ಕಂಬಳಿ, ಮಫ್ಲರು, ಮಂಕಿ ಕ್ಯಾಪು. ಯಾರ ಮುಖವೂ ಪೂರ್ತಿ ಕಾಣುತ್ತಿರಲಿಲ್ಲ. ಅಣ್ಣಮ್ಮ ಮಾತ್ರ ಸೆರಗಿನಡಿ ಒಂದು ಪಾತ್ರೆ ಹಿಡಿದುಕೊಂಡಿದ್ದರು. ಒಂದು ವೇಳೆ ಹಂದಿಯೇ ಆಗಿದ್ದರೆ ಇರಲಿ ಎಂದು. ರುದ್ರಪ್ಪ ನೆಗಡಿಯೊಂದಿಗೆ ಬಂದರು.

ಷಡಕ್ಷರಿ ಕೀ ತಿರುಗಿಸಿದ. ಇಂಜಿನ್ ಹೊತ್ತಿಕೊಂಡು ಮೆತ್ತಗೆ ಗುರುಗುಟ್ಟಿತು. ಚೌಡಯ್ಯ ತಲೆಯಾಡಿಸಿದ. ರುದ್ರಪ್ಪ ಮೀಸೆ ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದರು. ಷಡಕ್ಷರಿ ಹಲ್ಲು ಕಚ್ಚಿ, ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ಕೊನೆಯವರೆಗೂ ಒಂದು ಕಡೆಗೆ ತಿರುಗಿಸಿದ.

"ಕೀಂಯ್ಯ್ಯ್ಯ್ಯ್ಯ್ಯ್!"

ಊರಿನ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ರುದ್ರಪ್ಪ ಚೌಡಯ್ಯನ ಹೆಗಲು ಹಿಡಿದುಕೊಂಡರು. ಅಣ್ಣಮ್ಮನ ಕೈಯಿಂದ ಪಾತ್ರೆ ಜಾರಿ ಠಣಠಣ ಉರುಳಿತು. ಆಮೇಲೆ ಕಾರು "ಗುಂಯ್ಯ್ಯ್ಯ್..." ಎಂದು ನರಳಿ, ಎಲ್ಲರ ಕಣ್ಣೆದುರು ಇಬ್ಬನಿ ಬಿದ್ದ ಅಂಗಳದ ಮೇಲೆ ಕಡುಕೆಂಪು ಎಣ್ಣೆ ಸುರಿಸಿತು. ತನ್ನ ಕಾರು ಅಷ್ಟು ಹೀನಾಯವಾಗಿ ಕೂಗಿದ್ದಕ್ಕೆ ಅಷ್ಟು ಹೆಮ್ಮೆಪಟ್ಟ ಮಾಲೀಕ ಮಲೆನಾಡಿನಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ. ಷಡಕ್ಷರಿ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಕೇಳ್ತಾ ಸಾರ್? ಕೇಳ್ತಾ?" ಎಂದು ಕುಣಿದ.

"ಬಂದ್ ಮಾಡ್ರೀ!" ಎಂದು ರುದ್ರಪ್ಪ ಕಿವಿ ಮುಚ್ಚಿಕೊಂಡರು. "ಹಂದಿ ಇಷ್ಟು ಕೂಗಲ್ಲ."

ಅವರು ಒಂದು ತೊಟ್ಟು ಬೆರಳಿಗೆ ತೆಗೆದುಕೊಂಡು ಚೌಡಯ್ಯನ ಮೂಗಿಗೆ ಹಿಡಿದರು. "ಎಣ್ಣೇನೇ ಸಾರ್" ಎಂದ ಚೌಡಯ್ಯ, ಸ್ವಲ್ಪ ಬೇಸರದಿಂದಲೇ. ಕೇಸು ಅಲ್ಲಿಗೆ ಮುಗಿಯಿತು. ಮಸಾಲೆ ಅರೆದಿಟ್ಟಿದ್ದ ಅಣ್ಣಮ್ಮ ಗಂಡನನ್ನು ದುರುಗುಟ್ಟಿ ನೋಡಿದರು. ಇಷ್ಟಕ್ಕೆಲ್ಲ ಗುರುವಯ್ಯನೇ ಕಾರಣ ಎಂಬಂತೆ.

ಆದರೆ ಷಡಕ್ಷರಿಗೆ ಅಸಲು ತೀರ್ಪು ಜಗಲಿಯಿಂದ ಬರಬೇಕಿತ್ತು. ಅವನು ಹೋಗಿ ಅತ್ತೆಯ ಮುಂದೆ ಕೈಕಟ್ಟಿ ನಿಂತ.

"ಸುಳ್ಳು ಹೇಳ್ದೆ ಅತ್ತೆ. ಈ ಕಾರು ಹೀಗೇ. ಹತ್ತಿದ್ರೆ ದಾರಿಯುದ್ದಕ್ಕೂ ನರಳ್ತದೆ. ಆದ್ರೆ ಎಂಟು ಗಂಟೆಗೆ ನಿಮ್ಮನ್ನ ಆಸ್ಪತ್ರೆ ಬಾಗಿಲಲ್ಲಿ ಇಳಿಸ್ತೀನಿ. ಹೊತ್ಕಂಡು ಹೋಗೋದಾದ್ರೂ ಸರಿ."

ತಿಮ್ಮಮ್ಮನವರು ಚೀಲ ಎತ್ತಿ ಅವನ ಕೈಗೆ ಕೊಟ್ಟರು.

"ಶಬ್ದ ಮಾಡೋ ಕಾರನ್ನ ಹೆದರ್ಕಂಡಾದ್ರೂ ಹತ್ತಬಹುದು ಅಳಿಯಂದ್ರೇ. ಹಂದಿ ಕೊಯ್ಯೋ ಅಳಿಯಂಗೆ ಎಂತ ಮಾಡೋದು? ನಡೀರಿ."

ಗುಂಪಿನಲ್ಲಿದ್ದ ಗ್ಯಾರೇಜಿನ ಉಮೇಶ ಮುಂದೆ ಬಂದು ಬಾನೆಟ್ಟಿನೊಳಗೆ ಬಗ್ಗಿ ನೋಡಿ, "ಪೈಪು ಒಡೆದಿದೆ, ಬೆಲ್ಟೂ ಹೋಗಿದೆ. ಸಾಮಾನು ತರ್ಸಬೇಕು, ಎರಡು ದಿನ ಬಿಡಿ" ಎಂದ. ಷಡಕ್ಷರಿ ಅವನನ್ನು ಪಕ್ಕಕ್ಕೆ ಸರಿಸಿ, ಮನೆಯಲ್ಲಿದ್ದ ಎಣ್ಣೆಯ ಬಾಟಲಿಗಳನ್ನೆಲ್ಲ ಕುಸುಮಾಳ ಮಡಿಲಿಗೆ ಹಾಕಿ ಹೊರಟೇಬಿಟ್ಟ. ಕೊಟ್ಟಿಗೆಹಾರದಲ್ಲಿ ಒಮ್ಮೆ ನಿಲ್ಲಿಸಿ ತುಂಬಿಸಿದ. ಬಣಕಲ್ಲಿನಲ್ಲಿ ತುಂಬಿಸಿದ. ಮೂಡಿಗೆರೆ ದಾಟುವಷ್ಟರಲ್ಲಿ ಬಾಟಲಿಗಳು ಖಾಲಿಯಾಗಿ ಸ್ಟೇರಿಂಗ್ ಬೀಸುವ ಕಲ್ಲಿನಂತಾಯಿತು. ಪ್ರತಿ ತಿರುವಿನಲ್ಲೂ ಅವನು ಸೀಟಿನಿಂದ ಎದ್ದು, ಗೂಟ ಕೀಳುವವನಂತೆ ಮೈಯೆಲ್ಲ ಹಾಕಿ ತಿರುಗಿಸುತ್ತಿದ್ದ. ಕಾರು ನರಳುತ್ತಿತ್ತು, ಅವನೂ ನರಳುತ್ತಿದ್ದ, ಹಿಂದಿನ ಸೀಟಿನಲ್ಲಿ ತಿಮ್ಮಮ್ಮನವರು "ಶಿವಾ, ಶಿವಾ" ಎನ್ನುತ್ತಿದ್ದರು. ಎದುರು ಬಂದ ಬಸ್ಸಿನವರು ಇದ್ಯಾವ ಭಜನೆ ಮಂಡಳಿಯೋ ಎಂದು ದಾರಿ ಬಿಟ್ಟರು.

ಎಂಟಕ್ಕೆ ಸ್ವಲ್ಪ ಮೊದಲೇ ಕಾರು ಆಸ್ಪತ್ರೆಯ ಗೇಟು ಮುಟ್ಟಿತು. ಷಡಕ್ಷರಿಯ ಕೈಗಳು ಸ್ಟೇರಿಂಗನ್ನು ಬಿಡಲು ಒಪ್ಪಲಿಲ್ಲ. ಕುಸುಮಾ ಒಂದೊಂದೇ ಬೆರಳು ಬಿಡಿಸಿದಳು.

ಆಪರೇಷನ್ ಚೆನ್ನಾಗಿ ಆಯಿತು. ಅತ್ತೆ ಒಳಗೆ ಮಲಗಿದ್ದಾಗ ಷಡಕ್ಷರಿ ಕಾರನ್ನು ಪೇಟೆಯ ಗ್ಯಾರೇಜಿಗೆ ಕೊಟ್ಟು ಹೊಸ ಪೈಪು, ಹೊಸ ಬೆಲ್ಟು ಹಾಕಿಸಿದ. ಮರುದಿನ ಪಟ್ಟಿ ಬಿಚ್ಚಿ ಕಪ್ಪು ಕನ್ನಡಕ ಹಾಕಿ ಕಳಿಸಿದರು. ತಿಮ್ಮಮ್ಮನವರು ಮೆಟ್ಟಿಲ ಮೇಲೆ ನಿಂತು ಮಗಳನ್ನು ನೋಡಿದರು, ಅಳಿಯನನ್ನು ನೋಡಿದರು. ಕನ್ನಡಕದೊಳಗೆ ಕಣ್ಣು ತುಂಬಿತು. "ಎಷ್ಟು ಸೊರಗಿದೀರಿ ಅಳಿಯಂದ್ರೇ" ಎಂದರು.

ಆಮೇಲೆ ಕಾರನ್ನು ನೋಡಿದರು. ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ತುಕ್ಕು ಹಿಡಿದ ಬಾಗಿಲು, ದಾರ ಕಟ್ಟಿದ ಬಂಪರು, ಬೋಳು ಟೈರು ಎಲ್ಲವನ್ನೂ ಹೊಸ ಕಣ್ಣಿನಿಂದ ಒಂದೊಂದಾಗಿ ನೋಡಿದರು.

"ಇದರಲ್ಲಾ ನಾನು ಬಂದದ್ದು?"

"ಹೌದು ಅತ್ತೆ."

"ನಿನ್ನೆ ಕಣ್ಣು ಕಾಣದೆ ಇದ್ದದ್ದೇ ಪುಣ್ಯ" ಎಂದು ತಿಮ್ಮಮ್ಮನವರು ಹಿಂದಿನ ಸೀಟಿಗೆ ಹತ್ತಿದ ಕುಸುಮಾಳಿಗೆ ಚೀಲ ಕೊಟ್ಟು, ತಾವು ಮುಂದಿನ ಬಾಗಿಲು ತೆಗೆದು ಕೂತರು. "ಹೊರಡಿ. ಮೆತ್ತಗೆ. ಅಲ್ಲಿ ದನ ಬರ್ತಿದೆ ಕಾಣಲ್ವಾ? ಹಾರ್ನ್ ಮಾಡಿ. ಎಡಕ್ಕೆ ಬನ್ನಿ. ಅಷ್ಟು ಎಡ ಬೇಡ. ಗುಂಡಿ, ಗುಂಡಿ! ಆ ಲಾರಿಯವನ ಮುಖ ನೋಡಿದ್ರಾ, ಅವನಿಗೆ ದಾರಿ ಬಿಡಬೇಡಿ!"

ಚಿಕ್ಕಮಗಳೂರಿನಿಂದ ಜಾವಳಿಯವರೆಗೆ ಕಾರು ಓಡಿಸಿದವರು ತಿಮ್ಮಮ್ಮನವರು. ಷಡಕ್ಷರಿ ಸುಮ್ಮನೆ ಸ್ಟೇರಿಂಗ್ ಹಿಡಿದುಕೊಂಡು ಕೂತಿದ್ದ.